ಪಾಲೆಯ ತೊಗಟೆಗೆ ಒಂದು ತೊಟ್ಟು ಆಸಿಡ್

ನಮ್ಮೂರು ಕಡಬದ ಹತ್ತಿರ. ಆಟಿ ತಿಂಗಳಿನ, ಅಂದರೆ ಆಷಾಢದ, ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಷಾಯ ಕುಡಿಯದ ಮನೆ ಅಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಆ ಕಹಿ ಒಂದು ಲೋಟ ಹೊಟ್ಟೆಗೆ ಹೋದರೆ ವರ್ಷವಿಡೀ ಜ್ವರ ಹತ್ತಿರ ಸುಳಿಯುವುದಿಲ್ಲವೆಂದು ನಂಬಿಕೆ. ತೊಗಟೆ ತರುವುದಕ್ಕೂ ಕ್ರಮವಿತ್ತು. ಮನೆಯ ಗಂಡಸು ಬೆಳಕು ಹರಿಯುವ ಮೊದಲೇ ಹೋಗಬೇಕು, ದೀಪ ಒಯ್ಯಬಾರದು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಮನೆ ಸೇರುವವರೆಗೆ ತುಟಿ ಬಿಚ್ಚಬಾರದು.

ನಾನು ಹೈಸ್ಕೂಲಿನಲ್ಲಿದ್ದಾಗ, ಐವತ್ತರ ದಶಕದ ಒಂದು ಆಟಿ ಅಮಾವಾಸ್ಯೆಯಂದು, ಅಣ್ಣನಿಗೆ ಸುಳ್ಯಕ್ಕೆ ಹೋಗುವ ಮೊದಲ ಬಸ್ಸು ಹಿಡಿಯಬೇಕಿತ್ತು. ಅದಕ್ಕೇ ಅಪ್ಪ ತಂದ ತೊಗಟೆಯ ಕಷಾಯವನ್ನು ಅವನೊಬ್ಬನೇ ಮೊದಲು ಕುಡಿದ. ನಾವೆಲ್ಲ ಇನ್ನೂ ಸ್ನಾನ ಮುಗಿಸಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನ ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನಂತೆ ಸೆಟೆಯಿತು. ಪುತ್ತೂರಿನ ಆಸ್ಪತ್ರೆಗೆ ಸಾಗಿಸಲು ಕಾರು ಗೊತ್ತುಮಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪ ತಪ್ಪನ್ನೆಲ್ಲ ತಮ್ಮ ಬಾಯಿಯ ಮೇಲೆ ಹಾಕಿಕೊಂಡರು. ತೊಗಟೆ ಹಿಡಿದು ಬರುವಾಗ ಕತ್ತಲಲ್ಲಿ ಯಾರೋ ಕೆಮ್ಮಿದರಂತೆ, ಇವರು ಮರೆತು "ಯಾರದು?" ಎಂದರಂತೆ. "ನಾನು ಬಾಯಿಬಿಟ್ಟೆ, ಮಗ ಹೋದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ಮಾತಾಡಿದ್ದಕ್ಕೆ ಮನುಷ್ಯ ಸಾಯುತ್ತಾನೆಯೇ? ನಮ್ಮ ಗುಡ್ಡದಲ್ಲಿ ಪಾಲೆಯ ಪಕ್ಕದಲ್ಲೇ ಕಾಸರಕದ ಮರಗಳೂ ಇದ್ದವು. ತುಳುವಿನಲ್ಲಿ ಕಾಯೆರ್ ಎನ್ನುವ ಆ ಮರದ ತೊಗಟೆ ಅಪ್ಪಟ ವಿಷ. ಕತ್ತಲಲ್ಲಿ ಮರ ತಪ್ಪಿರಬೇಕೆಂದು ಒಮ್ಮೆ ಧೈರ್ಯ ಮಾಡಿ ಹೇಳಿಯೇಬಿಟ್ಟೆ. ಅಪ್ಪ ಸಿಡಿದರು: "ಕಣ್ಣು ಕಟ್ಟಿದ್ರೂ ನಂಗೆ ಪಾಲೆ ಗೊತ್ತುಂಟು. ಮತ್ತೆ ಈ ಮಾತು ಎತ್ತಬೇಡ."

ಎತ್ತಲಿಲ್ಲ. ಬದಲಿಗೆ ಹಟ ಹಿಡಿದು ರಸಾಯನಶಾಸ್ತ್ರ ಓದಿದೆ. ಹುಡುಗಿಗೆ ಇಷ್ಟು ಓದು ಎಂತಕ್ಕೆ ಎಂದವರಿಗೆ ಉತ್ತರ ಕೊಡುವ ಗೋಜಿಗೂ ಹೋಗಲಿಲ್ಲ.

ಅರವತ್ತರ ದಶಕದಲ್ಲಿ ಮದರಾಸಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಪಾಲೆಯ ತೊಗಟೆಯಲ್ಲಿ ಜ್ವರಕ್ಕೆ ಮದ್ದಾಗುವ ಅಂಶ ಯಾವುದೆಂದು ಹುಡುಕುವುದು ನಮ್ಮ ಪಾಲಿನ ಕೆಲಸ. ತೊಗಟೆಯನ್ನು ಪುಡಿಮಾಡಿ, ಮದ್ಯಸಾರದಲ್ಲಿ ನೆನೆಸಿ, ಸೋಸಿ, ಬತ್ತಿಸಿ, ಉಳಿದ ಸಾರವನ್ನು ಪರೀಕ್ಷಿಸುತ್ತಿದ್ದೆವು. ಮದ್ದೇನೋ ನಮ್ಮ ಕೈಗೆ ಸಿಗಲಿಲ್ಲ. ಆದರೆ ಚೀಲದಲ್ಲಿ ಬಂದದ್ದು ನಿಜಕ್ಕೂ ಪಾಲೆಯೇ ಎಂದು ಖಾತ್ರಿಯಾಗದೆ ಮುಟ್ಟಬಾರದೆಂಬ ಶಿಸ್ತು ಅಲ್ಲಿತ್ತು. ಒಂದು ದಿನ ವ್ಯಾಪಾರಿ ಕಳಿಸಿದ ಚೀಲದಲ್ಲಿ ಬೇರೆ ಬಗೆಯ ಕೆಲವು ಚೂರುಗಳು ಕಂಡವು. ಪ್ರಯೋಗಾಲಯದ ಹಿರಿಯರು ಅಂಥ ಒಂದು ಚೂರಿನ ಒಳಮೈಗೆ ಒಂದು ತೊಟ್ಟು ನೈಟ್ರಿಕ್ ಆಸಿಡ್ ಬಿಟ್ಟರು. ನೋಡನೋಡುತ್ತಿದ್ದಂತೆ ರಕ್ತದಂತೆ ಕೆಂಪಾಯಿತು. "ಕಾಸರಕ" ಎಂದರು. ಪಾಲೆಯ ಚೂರು ಹಾಗೆ ಕೆಂಪೇರಲಿಲ್ಲ. ನಾನು ಇನ್ನೊಂದು ಚೂರು ತೆಗೆದು, ನನ್ನ ಕೈಯಿಂದಲೇ ಆ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿದೆ.

ಮರುವರ್ಷ ಆಟಿ ಅಮಾವಾಸ್ಯೆಗೆ ಕೆಲವು ದಿನ ಮೊದಲೇ, ಆ ಆಸಿಡ್ ತುಂಬಿದ, ಗಾಜಿನ ಬಿರಡೆಯ ಪುಟ್ಟ ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ, ರೈಲು ಬಸ್ಸುಗಳಲ್ಲಿ ಮಡಿಲ ಮೇಲಿಟ್ಟುಕೊಂಡೇ ಊರಿಗೆ ತಂದೆ. ಅಮಾವಾಸ್ಯೆಯ ಬೆಳಿಗ್ಗೆ ಅರೆಯುವ ಮೊದಲು ಪ್ರತಿಯೊಂದು ತುಂಡಿನಿಂದಲೂ ನನಗೊಂದು ಚೂರು ಕೊಡಿ ಎಂದು ಮನೆಮನೆಗೆ ಹೋಗಿ ಕೇಳಿದೆ. ಅಪ್ಪನ ತಂಗಿಯಾದ ನನ್ನ ಅತ್ತೆಯ ಮನೆ ಪಕ್ಕದ ಗುಡ್ಡದಲ್ಲಿತ್ತು. ಮೊದಲು ಗದರಿದ್ದು ಅವಳೇ.

"ಎಂತ ಮಾರಾಯ್ತಿ, ದೇವರ ಮದ್ದಿಗೆ ಆಸಿಡ್ ಹಾಕುದಾ?"

"ಮದ್ದಿಗಲ್ಲ ಅತ್ತೆ, ಚೂರಿಗೆ. ಆ ಚೂರನ್ನು ಮತ್ತೆ ಬಿಸಾಡುದು."

"ಮೊದ್ಲು ನಿನ್ನಪ್ಪ ಒಪ್ಪಲಿ. ಆಮೇಲೆ ನಮ್ಮಲ್ಲಿಗೆ ಬಾ."

ಉಳಿದ ಮನೆಗಳಲ್ಲೂ ಇದೇ ಮಾತು. ಇನ್ನೊಂದು ಮನೆಯ ಮಗ ಸತ್ತ ಮೇಲೆ ಒಪ್ಪುತ್ತಾರೇನೋ ಎಂದು ರೇಗಿಕೊಂಡೇ ಮನೆಗೆ ಬಂದೆ. ಅಪ್ಪ ಜಗಲಿಯಲ್ಲಿದ್ದರು. ಬಾಟ್ಲಿ ಎದುರಿಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ. ಅವರು ಬೈಯಲಿಲ್ಲ. ಎದ್ದು ಅಟ್ಟಕ್ಕೆ ಹತ್ತಿ, ಅಡಿಕೆ ಹಾಳೆಯಲ್ಲಿ ಕಟ್ಟಿದ್ದ ಒಂದು ಗಂಟು ತಂದು ಬಿಚ್ಚಿದರು. ಒಳಗೆ ಒಣಗಿದ ತೊಗಟೆಯ ತುಂಡು.

"ಅವತ್ತಿಂದು. ಅರೆಯದೆ ಉಳಿದದ್ದು. ನೋಡು."

ಇಷ್ಟು ವರ್ಷ ಗೆಲ್ಲಬೇಕೆಂದು ಕಾದಿದ್ದವಳಿಗೆ ಆ ಕ್ಷಣ ಗೆಲ್ಲುವುದೇ ಬೇಡವೆನಿಸಿತು. ಕೆಂಪಾದರೆ ಈ ಮುದುಕನ ಗತಿಯೇನು?

"ಬೇಡ ಅಪ್ಪ."

"ಅಷ್ಟು ದೂರದಿಂದ ಹೊತ್ತು ತಂದದ್ದು ಎಂತಕ್ಕೆ? ಹಾಕು."

ಹಾಕಿದೆ. ಕೆಂಪಾಯಿತು.

ಅಪ್ಪ ಬಗ್ಗಿ ತುಂಬ ಹೊತ್ತು ನೋಡಿದರು. "ಕಾಯೆರ್" ಎಂದರು. ಮತ್ತೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಹಾಗಾದ್ರೆ ನಾನು ಮಾತಾಡಿದ್ದಕ್ಕಲ್ಲ?"

"ಅಲ್ಲ ಅಪ್ಪ."

"ಒಂದು ಸೂಟೆ ಉರಿಸಿ ಹಿಡಿದು ಹೋಗಿದ್ರೆ ಸಾಕಿತ್ತು, ಮರ ಕಾಣ್ತಿತ್ತು" ಎಂದವರೇ ಮುಖ ಮುಚ್ಚಿಕೊಂಡು ಅತ್ತರು. ಅಣ್ಣ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನನಗೂ ಅಳು ಬಂತು.

ಆಮೇಲೆ ಅವರು ಕಣ್ಣೊರೆಸಿ, ಶಾಲು ಹೆಗಲಿಗೆ ಹಾಕಿಕೊಂಡು, ಕೆಂಪಾದ ತುಂಡನ್ನು ಹಾಳೆಯಲ್ಲಿಟ್ಟುಕೊಂಡು ಅಂಗಳಕ್ಕಿಳಿದರು. ನಾನು ಹಿಂದೆಯೇ ಓಡಿದೆ. ಅವರು ನೇರ ಅತ್ತೆಯ ಮನೆಗೇ ಹೋದರು. ಅತ್ತೆ ಹೊರಗೆ ಬಂದು, ಅಪ್ಪನ ಮುಖ ನೋಡಿ ಗಾಬರಿಯಾದಳು. ಅಪ್ಪ ಹಾಳೆಯನ್ನು ಅವಳ ಮುಂದೆ ಹಿಡಿದರು.

"ಇದನ್ನು ತಂದದ್ದು ನಾನು. ಪಾಲೆ ಅಂತ ಮಗನಿಗೆ ಕುಡಿಸಿದ್ದೂ ನಾನು. ಅಮಾವಾಸ್ಯೆ ದಿನ ಇವಳು ಬಂದಾಗ ಒಂದು ಚೂರು ಕೊಡು."