ಮುಂದಿನ ಸೀಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವನು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ಇದರಲ್ಲಿ ದೆವ್ವವಿಲ್ಲ, ರಾತ್ರಿಯೂ ಇಲ್ಲ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ಒಳ್ಳೆಯ ಬಿಸಿಲಿನಲ್ಲಿ ನಡೆದದ್ದು.

ವಿಜಯನಗರದ ನಮ್ಮ ಎದುರುಮನೆಯ ಶಾರದಮ್ಮನವರ ಕಾಂಪೌಂಡಿನಲ್ಲಿ, ತೀರಿಹೋದ ಯಜಮಾನರ ಅಂಬಾಸಡರ್ ಕಾರು ಟಾರ್ಪಾಲಿನ ಕೆಳಗೆ ತುಕ್ಕು ಹಿಡಿಯುತ್ತ ನಿಂತಿತ್ತು. ಹಳೇ ಗಾಡಿಗಳ ಹುಚ್ಚಿನವನು ನಾನು, ಕೇಳಿದೆ. ಕೊಟ್ಟೇಬಿಟ್ಟರು. ಒಂದು ಮಾತು ಮಾತ್ರ ತೆಗೆದುಕೊಂಡರು. ಆ ಕಾರಿನಲ್ಲಿ ಮುಂದೆ, ಗಂಡನ ಪಕ್ಕ, ಯಾವಾಗಲೂ ಅತ್ತೆಯೇ ಕೂರುತ್ತಿದ್ದರಂತೆ, ಇವರು ಹಿಂದೆ. ಅತ್ತೆ ತೀರಿಕೊಳ್ಳುವ ಹೊತ್ತಿಗೆ ಯಜಮಾನರ ಕಣ್ಣು ಮಂಜಾಗಿ ಕಾರು ಮೂಲೆ ಸೇರಿತ್ತು. "ರೆಡಿಯಾದ ದಿನ ಮೊದಲು ನನ್ನನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಒಂದು ರೌಂಡ್ ಹೋಗಿ ಬಾಪ್ಪ, ಸಾಕು" ಅಂದರು. ಆಗಲಿ ಎಂದೆ.

ಎರಡು ವರ್ಷ ಮನೆಯ ಮುಂದೆಯೇ ಅದರ ಕೆಲಸ ಮಾಡಿದೆ. ತೂತು ಬಿದ್ದ ತಳಕ್ಕೆ ಹೊಸ ತಗಡು ವೆಲ್ಡ್ ಮಾಡಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದೆ. ಶಾರದಮ್ಮ ಕಾಫಿ ತಂದುಕೊಟ್ಟಾಗಲೆಲ್ಲ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದರು.

ಕಾರು ಸಿದ್ಧವಾದ ವಾರವೇ ರಾಜರಾಜೇಶ್ವರಿನಗರದಲ್ಲಿ ಹಳೇ ಕಾರಿನವರೆಲ್ಲ ಸೇರುವುದಿತ್ತು. ಶಾರದಮ್ಮನವರನ್ನು ಕರೆದುಕೊಂಡು ಹೋದರೆ ಸಿಕ್ಕವರಿಗೆಲ್ಲ ಇದು ನಮ್ಮ ಯಜಮಾನರ ಕಾರು ಅನ್ನುತ್ತಾರೆ. ನನಗೋ ಅದು ನನ್ನ ಕಾರು ಅನ್ನಿಸಿಕೊಳ್ಳಬೇಕಿತ್ತು. ಬ್ರೇಕ್ ಇನ್ನೂ ಸರಿಯಾಗಿಲ್ಲ, ಮುಂದಿನ ವಾರ ಹೋಗೋಣ ಎಂದು ಸುಳ್ಳು ಹೇಳಿದೆ. ಭಾನುವಾರ ಬೆಳಗ್ಗೆ ಇಂಜಿನ್ ಸದ್ದು ಅವರಿಗೆ ಕೇಳಿಸಬಾರದೆಂದು ಬೀದಿಯ ತಿರುವಿನವರೆಗೆ ಕಳ್ಳನ ಹಾಗೆ ತಳ್ಳಿಕೊಂಡು ಹೋದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಹೂವಿನವಳೊಬ್ಬಳು ಎಡಗಡೆಯ ಕಿಟಕಿಗೆ ಬಂದು, ನನ್ನ ಪಕ್ಕದ ಖಾಲಿ ಸೀಟಿನತ್ತ ಮಲ್ಲಿಗೆ ಹಿಡಿದಳು. "ಅಮ್ಮ ಕೇಳ್ತಾವ್ರೆ, ಒಂದು ಮೊಳ ಕೊಡ್ಸಿ ಸಾರ್." ವ್ಯಾಪಾರದ ಮಾತು ಎಂದುಕೊಂಡು ಬೇಡ ಅಂದೆ. ಆಮೇಲೆ ಎಲ್ಲರಿಂದ ಹೊಗಳಿಸಿಕೊಂಡೆ, ಫೋಟೋ ತೆಗೆಸಿಕೊಂಡೆ.

ಮಧ್ಯಾಹ್ನ ವಾಪಸು ಬಂದಾಗ ಶಾರದಮ್ಮ ಗೇಟಿನ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ನಾನು ಹೊರಟ ಸ್ವಲ್ಪ ಹೊತ್ತಿಗೆ ಬಂದು ಕೂತವರು ಅಲ್ಲಿಂದ ಎದ್ದೇ ಇರಲಿಲ್ಲವೆಂದು, ಜೊತೆಯಲ್ಲಿ ಅವರೇಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅವರು ನನ್ನನ್ನು ನೋಡಿ, ಕೋಪವೇನೂ ಇಲ್ಲದೆ, "ನಮ್ಮ ಯಜಮಾನ್ರ ಫೋಟೋಗೆ ಹಾಕೋಣ ಅಂತ ಒಂದು ಮೊಳ ಹೂವು ಕೇಳಿದ್ರೆ ಬೇಡ ಅಂದ್ಬಿಟ್ಯಲ್ಲಪ್ಪ" ಅಂದರು.

ತಡವರಿಸುತ್ತ, ಈಗಲೇ ಹೋಗೋಣ, ಮುಂದೆ ಕೂತುಕೊಳ್ಳಿ ಎಂದು ಬಾಗಿಲು ತೆಗೆದೆ. ಅವರು ಏಳಲಿಲ್ಲ.

"ಕೂತ್ಕೊಂಡು ಹೋಗಿ ಬಂದಾಯ್ತಲ್ಲ. ನೀನೇ ಒಂದು ಮಾತೂ ಆಡಿಸ್ಲಿಲ್ಲ."

ಆಮೇಲೆ ಎಷ್ಟು ಕರೆದರೂ ಅವರು ಆ ಕಾರು ಹತ್ತಿಲ್ಲ. ಈಗಲೂ ಎದುರುಮನೆಯಲ್ಲೇ ಇದ್ದಾರೆ, ಕಾಫಿಗೆ ಕರೆಯುತ್ತಾರೆ. ಹೂವಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿಬಿಡೋಣ ಎನ್ನಿಸುತ್ತದೆ. ಕೇಳಬೇಕಾದರೆ ಅವತ್ತು ಅವರನ್ನು ಬಿಟ್ಟು ಹೋಗಿದ್ದೆ ಎಂದು ಮೊದಲು ನಾನೇ ಬಾಯಿಬಿಟ್ಟು ಹೇಳಬೇಕು. ಅದು ಇನ್ನೂ ನನ್ನ ಕೈಲಿ ಆಗಿಲ್ಲ.