ಅತ್ಯಾಳಿಗೊಂದು ಬಿಸಿಲಿನ ಮೂಲೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಎರಡು ಚಳಿಗಾಲದ ಹಿಂದಿನ ಮಾತು ಎಂದು ನಾನು, ಮೂರು ಎಂದು ನನ್ನ ಗಂಡ. ಆಗ ನಾನು ಡೈರಿ ಬರೆಯುತ್ತಿದ್ದೆ, ನಿಜ. ಆದರೆ ಆ ತಿಂಗಳ ಪುಟಗಳನ್ನು ತೆಗೆದು ನೋಡಿದರೆ "ಇಂದು ಚಳಿ", "ಇಂದೂ ಚಳಿ", ಒಂದು ಕಡೆ ಕೆಳಗೆ ಎರಡು ಗೆರೆ ಎಳೆದು "ಹತ್ತು ಕುರ್ಚಿ ಯಾಕೆ?", ಇಷ್ಟೇ ಇದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಇಷ್ಟು ದರಿದ್ರವಾಗಿ ಡೈರಿ ಬರೆಯಬಾರದು. ಉಳಿದದ್ದನ್ನು ನೆನಪಿನಿಂದ ತುಂಬಿಸಿದ್ದೇನೆ. ನನ್ನ ನೆನಪಿಗೆ ತನ್ನನ್ನು ತಾನು ಚೆಂದ ಮಾಡಿಕೊಳ್ಳುವ ಚಟವಿದೆ.

ಅತ್ಯಾ ಬಂದದ್ದು ಮಾತ್ರ ಖಚಿತ. ಅತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ಮೊಣಕಾಲಿನ ಆಪರೇಶನ್ ಆದ ಮೇಲೆ ಧಾರವಾಡದಿಂದ ಕೊಲ್ಕತ್ತಾದ ದಕ್ಷಿಣೇಶ್ವರದ ನಮ್ಮ ಫ್ಲ್ಯಾಟಿಗೆ ಬಂದಳು. ಸಂಕ್ರಾಂತಿಯ ತನಕ ಇದ್ದು ನೋಡುವುದು, ಹಿಡಿಸಿದರೆ ಇಲ್ಲೇ ಉಳಿಯುವುದು, ಹಿಡಿಸದಿದ್ದರೆ ಪುಣೆಯ ಮಗನ ಮನೆಗೆ ಹೋಗುವುದು ಎಂದು ಮಾತಾಗಿತ್ತು. ನನಗೆ ಅವಳು ಉಳಿಯಬೇಕಿತ್ತು. ಕಾರಣ ಹೇಳಿದರೆ ಸಣ್ಣದು. ಸೆಕ್ಟರ್ ಫೈವ್‌ನ ಆಫೀಸಿನಿಂದ ಎರಡು ಮೆಟ್ರೊ, ಒಂದು ಟೊಟೊ ರಿಕ್ಷಾ ಹತ್ತಿ ಇಳಿದು ಮನೆ ಸೇರಿದರೆ ಬಾಗಿಲಲ್ಲೇ "ಬಂದ್ಯಾವಾ? ಏನರ ತಿಂದೀ ಇಲ್ಲೊ?" ಎಂದು ಕೇಳುವವರು ಒಬ್ಬರಿದ್ದರು. ನಲವತ್ತು ದಾಟಿದ ಮೇಲೆ ಮತ್ತೆ ಯಾರದೋ ಮನೆಯ ಹುಡುಗಿಯಾಗುವ ಅವಕಾಶ ಸುಮ್ಮನೆ ಬರುವುದಿಲ್ಲ. ಜೊತೆಗೆ ನನ್ನ ಮಗಳು. ಹತ್ತು ವರ್ಷದ ಅವಳು ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲಿ ಉತ್ತರ ಕೊಡುವವಳು. ಅತ್ಯಾ ಬಂದ ಎರಡನೇ ವಾರಕ್ಕೆ "ಅಜ್ಜಿ, ಚಾ ಬೇಕೇನು?" ಎಂದುಬಿಟ್ಟಳು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತೇ ಇದ್ದೆ.

ಆದರೆ ಅತ್ಯಾಳಿಗೆ ಮನೆ ಹಿಡಿಸಲಿಲ್ಲ. ಮನೆಯವರು ಹಿಡಿಸಿದ್ದರು, ಮನೆ ಹಿಡಿಸಲಿಲ್ಲ.

"ಹೊರಗ ಥಂಡಿ ಇಲ್ಲವಾ ನಿಮ್ಮ ಊರಾಗ," ಎಂದಳು. "ಎಲ್ಲಾ ಥಂಡಿ ತಂದು ಒಳಗ ಇಟ್ಟೀರಿ."

ಅದು ನಿಜವೇ. ಕೊಲ್ಕತ್ತಾದ ಮನೆಗಳನ್ನು ಬೇಸಿಗೆಗೆ ಹೆದರಿ ಕಟ್ಟಿರುತ್ತಾರೆ. ನಮ್ಮದು ಉತ್ತರಕ್ಕೆ ಮುಖ ಮಾಡಿದ ಫ್ಲ್ಯಾಟು; ಕಾರ್ತಿಕ ಕಳೆದ ಮೇಲೆ ಬಿಸಿಲು ಒಳಗೆ ಇಣುಕುವುದೂ ಇಲ್ಲ. ಮೊಸಾಯಿಕ್ ನೆಲದ ಮೇಲೆ ಕಾಲಿಟ್ಟರೆ ಹೊಸ ಮೊಣಕಾಲು, ಹಳೆ ಮೊಣಕಾಲು ಎರಡೂ ಒಟ್ಟಿಗೆ ದೂರುತ್ತಿದ್ದವು. ಅತ್ಯಾ ಎರಡು ಸ್ವೆಟರು, ಒಂದು ಶಾಲು, ನನ್ನ ಗಂಡನ ಮಂಕಿ ಕ್ಯಾಪು ಹಾಕಿಕೊಂಡು ಸೋಫಾದ ಮೇಲೆ ಕಾಲು ಮಡಚಿ ಕೂತಿರುತ್ತಿದ್ದಳು. ಮಗಳು "ಆ್ಯಸ್ಟ್ರೋನಾಟ್ ಅಜ್ಜಿ" ಎಂದು ಹೆಸರಿಟ್ಟಳು.

"ಬಿಸಿಲು ಸಿಗದಿದ್ರ ನಾ ಪುಣೇಕ್ಕ ಹೋಗ್ತೀನಿ," ಎಂದಳು ಅತ್ಯಾ ಒಂದು ಬೆಳಿಗ್ಗೆ. ಬೆದರಿಕೆಯಲ್ಲ; ಹಾಲು ಮುಗಿದಿದೆ ಎನ್ನುವ ಧ್ವನಿ.

ಬಿಸಿಲು ಇದ್ದದ್ದು ತಾರಸಿಯಲ್ಲಿ. ನಮ್ಮದು ಕೊನೆಯ ಮಹಡಿ, ಹದಿನಾಲ್ಕು ಮೆಟ್ಟಿಲು ಹತ್ತಿದರೆ ಆಯಿತು. ಆದರೆ ಅಲ್ಲಿ ಬಿಸಿಲಿನ ಜೊತೆಗೆ ನದಿಯ ಕಡೆಯಿಂದ ಗಾಳಿಯೂ ಇತ್ತು. ಕೂತ ಐದು ನಿಮಿಷಕ್ಕೆ ಅತ್ಯಾಳ ಶಾಲು ನೀರಿನ ಟ್ಯಾಂಕಿನ ಮೇಲಿರುತ್ತಿತ್ತು.

ನನ್ನ ಗಂಡ ಕೇಂದ್ರ ಸರಕಾರದ ನೌಕರ. ಯಾವುದೇ ಕೆಲಸಕ್ಕೆ ಮೊದಲು ಸರ್ವೆ ಆಗಬೇಕು ಎನ್ನುವವನು. ಒಂದು ಭಾನುವಾರ ಪೂರ್ತಿ ಸೀಮೆಸುಣ್ಣ ಹಿಡಿದು ತಾರಸಿಯಲ್ಲಿ ಗಂಟೆಗೊಮ್ಮೆ ಬಿಸಿಲಿನ ಗಡಿ ಗುರುತು ಮಾಡಿದ. ಒಂಬತ್ತು, ಹತ್ತು, ಹನ್ನೊಂದು ಎಂದು ಬರೆದ. ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ ಎಂದು ಬಾಣ ಹಾಕಿದ. ಅದರ ಪ್ರಕಾರ ಅತ್ಯಾ ಪ್ರತಿ ಅರ್ಧ ಗಂಟೆಗೆ ಕುರ್ಚಿ ಸಮೇತ ಎರಡು ಹೆಜ್ಜೆ ಸರಿಯಬೇಕಿತ್ತು.

"ನಾ ಕೂಡ್ಲಿಕ್ಕೆ ಬಂದೀನೊ, ಡ್ಯೂಟಿಗೆ ಬಂದೀನೊ?" ಎಂದಳು ಅತ್ಯಾ.

ಗಾಳಿ ತಡೆಯಲು ದೊಡ್ಡ ಛತ್ರಿಯೊಂದನ್ನು ಅಡ್ಡ ಕಟ್ಟಿದೆವು. ಅದು ಪಕ್ಕದ ತೆಂಗಿನ ಮರಕ್ಕೆ ಹೋಯಿತು, ಇವತ್ತಿಗೂ ಅಲ್ಲೇ ಇರಬೇಕು. ಆಮೇಲೆ ಬಚ್ಚಲಿನ ಪ್ಲಾಸ್ಟಿಕ್ ಪರದೆ. ಅದರ ಮೇಲೆ ಡಾಲ್ಫಿನ್‌ಗಳಿದ್ದವು. ಗಾಳಿಗೆ ಹಾಯಿಪಟದಂತೆ ಉಬ್ಬಿ ಅತ್ಯಾಳ ಬೆನ್ನಿಗೆ ಒಂದೇ ಸಮನೆ ಬಡಿಯತೊಡಗಿದವು. ಮೂರನೆಯದು ನನ್ನ ಐಡಿಯಾ: ಉದ್ದ ವೈರು ಎಳೆದು ರೂಮ್ ಹೀಟರನ್ನೇ ತಾರಸಿಗೆ ತಂದೆ. ಬಯಲಿಗೆ ಹೀಟರ್ ಹಾಕುವುದು ಎಂಥ ಬುದ್ಧಿವಂತಿಕೆ ಎಂದು ಈಗ ಅನಿಸುತ್ತದೆ. ಇಡೀ ಬಿಲ್ಡಿಂಗಿನ ಕರೆಂಟು ಹೋಯಿತು, ಎರಡನೇ ಮಹಡಿಯ ಹೆಂಗಸು ಮೀನಿನ ಚೀಲದೊಂದಿಗೆ ಲಿಫ್ಟಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದರು.

ಕೊನೆಗೆ ನನಗೆ ಓಣಿಯ ಡೆಕೊರೇಟರ್ ನೆನಪಾದ. ದುರ್ಗಾಪೂಜೆಯ ಸಮಯಕ್ಕೆ ಬಿದಿರು, ಬಟ್ಟೆ, ಹಗ್ಗ ಇಷ್ಟರಿಂದಲೇ ಅರಮನೆ ಎಬ್ಬಿಸುವವನು. ಅವನಿಗೆ ಒಬ್ಬ ಮುದುಕಿಯ ಕುರ್ಚಿಯ ಸುತ್ತ ಮೂರು ಕಡೆ ಗೋಡೆ ಎಬ್ಬಿಸುವುದು ಎಷ್ಟರ ಕೆಲಸ? ಮರುದಿನವೇ ಬಟ್ಟೆಯ ತುಣುಕುಗಳನ್ನು ಹಿಡಿದು ಬಾಗಿಲಿಗೆ ಬಂದ. ಕೆಂಪು-ಹಳದಿ ಪಟ್ಟೆಯದು, ನೀಲಿ, ಬಿಳಿ. ಒಳಗೆ ಒಯ್ದು ಅತ್ಯಾಳಿಗೆ ತೋರಿಸಿದೆ. ಅವಳು ಒಂದೊಂದನ್ನೂ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಬಿಳೀದ ಇರ್ಲಿ," ಎಂದಳು. "ಬೆಳಕು ಛಲೋ ಬರ್ತದ."

ಹೀಗೆ ಹೇಳಿದ್ದು ಅತ್ಯಾ ಎಂದೇ ನನ್ನ ನೆನಪು. ನಾನು ಹೇಳಿ ಅವಳು ತಲೆ ಆಡಿಸಿರಲೂಬಹುದು; ನನಗೂ ಬಿಳಿಯೇ ಸಭ್ಯವಾಗಿ ಕಂಡಿತ್ತು. ಯಾರೇ ಹೇಳಿರಲಿ, ಬಾಗಿಲಿಗೆ ಬಂದು ಬಿಳಿ ಎಂದೆ. ಡೆಕೊರೇಟರ್ ಹಿಂದಿಯಲ್ಲಿ ಮೆತ್ತಗೆ ಕೇಳಿದ:

"ಯಾರಿಗೆ, ದೀದಿ?"

"ನಮ್ಮ ತಂದೆಯ ಅಕ್ಕನಿಗೆ."

"ವಯಸ್ಸು?"

"ಎಪ್ಪತ್ತೆಂಟು. ತುಂಬ ಕಷ್ಟಪಟ್ಟರು ಪಾಪ. ಇನ್ನಾದರೂ ಆರಾಮವಾಗಿರಲಿ ಅಂತ."

ಅವನು ತಲೆಯ ಮೇಲಿನ ಟೊಪ್ಪಿಗೆ ತೆಗೆದ. "ನೀವೇನೂ ಯೋಚನೆ ಮಾಡಬೇಡಿ. ಎಲ್ಲಾ ನಾನು ನೋಡಿಕೊಳ್ಳುತ್ತೇನೆ," ಎಂದ. ಗ್ರಾಹಕರ ಮೇಲೆ ಇಷ್ಟು ಕಾಳಜಿ ಇರುವವರು ಬೇರೆ ಯಾವ ಊರಲ್ಲಿ ಸಿಗುತ್ತಾರೆ ಎಂದು ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ.

ಶನಿವಾರ ಸಂಜೆಯ ಹೊತ್ತಿಗೆ ಪೆಂಡಾಲು ಎದ್ದಿತ್ತು. ಉತ್ತರ, ಪೂರ್ವ, ಪಶ್ಚಿಮಕ್ಕೆ ನೆರಿಗೆ ಹಿಡಿದ ಬಿಳಿ ಬಟ್ಟೆಯ ಗೋಡೆ, ದಕ್ಷಿಣಕ್ಕೆ ಪೂರ್ತಿ ಬಯಲು. ಗಾಳಿ ಹೊರಗೇ ನಿಂತಿತು. ಕೇಳದೆಯೇ ಪ್ರವೇಶದ ಎರಡೂ ಬಿದಿರಿಗೆ ಸುಗಂಧರಾಜದ ಹಾರ ಕಟ್ಟಿದ್ದ, ಹತ್ತು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟಿದ್ದ. ಡೈರಿಯ ಎರಡು ಗೆರೆಯ ಪ್ರಶ್ನೆ ಆ ದಿನದ್ದು. ನಾವು ಒಳಗೆ ತೆಂಗಿನ ನಾರಿನ ಚಾಪೆ ಹಾಸಿ, ಮೇಲೆ ಹಳೆಯ ಗಾದಿ ಹಾಕಿ, ಬೆತ್ತದ ಕುರ್ಚಿಗೆ ಹತ್ತಿಯ ರಜಾಯಿ ಹೊದಿಸಿದೆವು. ಅತ್ಯಾಳ ಅಪ್ಪಣೆಯಂತೆ ನಾಲ್ಕು ಇಟ್ಟಂಗಿಯನ್ನು ಬಿಸಿಲಿಗೆ ಕಾಯಲು ಇಡಲಾಯಿತು. ಕಾದ ಮೇಲೆ ಗೋಣಿಯಲ್ಲಿ ಸುತ್ತಿ ಕಾಲಡಿಗೆ ಇಡಬೇಕು. ಹೀಟರಿಗಿಂತ ಅದು ಎಷ್ಟೋ ವಾಸಿ ಎಂದು ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಅತ್ಯಾಳನ್ನು ಮೆಲ್ಲಗೆ ಮೇಲೆ ಹತ್ತಿಸಿ, ಕೂರಿಸಿ, ಕಿತ್ತಳೆಯ ಬುಟ್ಟಿ ಕೈಗೆ ಕೊಟ್ಟು ಕೆಳಗೆ ಬಂದೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಬಿಲ್ಡಿಂಗಿನ ಕಾರ್ಯದರ್ಶಿ, ನಿವೃತ್ತ ಗಣಿತದ ಮೇಷ್ಟರು, ಕೈಯಲ್ಲಿ ಬಿಳಿ ಹೂಗಳ ಕಟ್ಟು ಹಿಡಿದು ನಿಂತಿದ್ದರು. ಹಿಂದೆ ಎರಡನೇ ಮಹಡಿಯ, ಲಿಫ್ಟಿನ ಹೆಂಗಸು. ಅವರ ಕೈಯಲ್ಲಿ ಸಂದೇಶ್ ಮಿಠಾಯಿಯ ಡಬ್ಬಿ. ಇಬ್ಬರ ಮುಖವೂ ಬಾಡಿತ್ತು.

"ನಮಗೊಂದು ಮಾತು ತಿಳಿಸಬೇಕಿತ್ತು," ಎಂದರು ಮೇಷ್ಟರು.

ತಾರಸಿ ಎಲ್ಲರದ್ದು, ಅನುಮತಿ ಕೇಳದೆ ಪೆಂಡಾಲು ಹಾಕಿದ್ದಕ್ಕೆ ಬಂದಿದ್ದಾರೆ ಎಂದುಕೊಂಡೆ. "ಕ್ಷಮಿಸಿ," ಎಂದೆ. "ಎಲ್ಲಾ ಅವಸರದಲ್ಲಿ ಆಯಿತು. ಚಳಿ ತಡೆಯಲಾಗಲಿಲ್ಲ ಅವರಿಗೆ."

"ಈ ಚಳಿ ವಯಸ್ಸಾದವರನ್ನು ಬಿಡುವುದಿಲ್ಲ," ಎಂದು ಅವರು ಕಣ್ಣು ಮುಚ್ಚಿಕೊಂಡರು. ಲಿಫ್ಟಿನ ಹೆಂಗಸು ನನ್ನ ಕೈ ಹಿಡಿದರು. ಹೀಟರಿನ ವಿಷಯ ಮರೆತಿದ್ದಾರೆ, ಎಷ್ಟು ದೊಡ್ಡ ಮನಸ್ಸು ಎಂದು ನನ್ನ ಕಣ್ಣಲ್ಲೂ ನೀರು ಬಂತು. ಅದನ್ನು ನೋಡಿ ಅವರು ಇನ್ನೂ ಗಟ್ಟಿಯಾಗಿ ಹಿಡಿದರು.

"ಮೇಲೆ ಬನ್ನಿ, ನೋಡುವಿರಂತೆ," ಎಂದೆ.

ಮೂವರೂ ಹತ್ತಿದೆವು. ಪೆಂಡಾಲಿನ ಒಳಗೆ, ಹಾರಗಳ ನಡುವೆ, ಅತ್ಯಾ ಮಂಕಿ ಕ್ಯಾಪಿನಲ್ಲಿ ಕೂತು ಕಿತ್ತಳೆಯ ಬೀಜ ಉಗುಳುತ್ತಿದ್ದಳು. ಲಿಫ್ಟಿನ ಹೆಂಗಸು ಹತ್ತಿರದ ಕುರ್ಚಿಯಲ್ಲಿ ಕುಸಿದರು. ಹತ್ತು ಕುರ್ಚಿ ಇದ್ದದ್ದು ಒಳ್ಳೆಯದೇ ಆಯಿತು. ಮೇಷ್ಟರು ಹೂವಿನ ಕಟ್ಟನ್ನು ಬೆನ್ನ ಹಿಂದೆ ಅಡಗಿಸಲು ನೋಡಿದರು, ಅದು ತುಂಬ ಉದ್ದವಿತ್ತು.

ಅತ್ಯಾ ಹೂವನ್ನು ನೋಡಿದಳು, ಸಿಹಿಯ ಡಬ್ಬಿಯನ್ನು ನೋಡಿದಳು. ಆಮೇಲೆ, "ಬೋಶುನ್, ಬೋಶುನ್," ಎಂದು ಕುರ್ಚಿ ತೋರಿಸಿದಳು. "ಆಮಿ ಏಖೊನೊ ಬೇಂಚೆ ಆಛಿ." ನಾನಿನ್ನೂ ಬದುಕಿದ್ದೇನೆ ಎಂದು, ಅಪ್ಪಟ ಬಂಗಾಲಿಯಲ್ಲಿ.

ಮದುವೆಯಾದ ಹೊಸದರಲ್ಲಿ ಅತ್ಯಾ ಈ ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾಲ್ಕು ವರ್ಷ ಇದ್ದಳು. ಬಂಗಾಲಿ ಎಲ್ಲ ಮರೆತೆ ಎಂದು ಬಂದ ದಿನದಿಂದ ಹೇಳಿಕೊಂಡು, ತರಕಾರಿಯವನ ಜೊತೆ ಮಾತಾಡಲೂ ನನ್ನನ್ನೇ ಕರೆಯುತ್ತಿದ್ದಳು.

ಮೇಷ್ಟರು ನನಗೆ ವಿವರಿಸಿದರು, ರೇಖಾಗಣಿತ ಹೇಳಿಕೊಡುವಷ್ಟು ತಾಳ್ಮೆಯಿಂದ. ಮದುವೆಗೆ ಬಣ್ಣದ ಬಟ್ಟೆ, ಪೂಜೆಗೆ ಬಣ್ಣದ ಬಟ್ಟೆ. ಬರಿಯ ಬಿಳಿ ಪೆಂಡಾಲು, ಬಿಳಿ ಹೂವು, ಸಾಲಾಗಿ ಕುರ್ಚಿ ಎಂದರೆ ಶ್ರಾದ್ಧ. ರಸ್ತೆಯಿಂದ ನೋಡಿದವರೆಲ್ಲ ಕೈ ಮುಗಿದು ಹೋಗಿದ್ದಾರಂತೆ. ಹನ್ನೆರಡು ವರ್ಷದಿಂದ ಈ ಊರಲ್ಲಿದ್ದೇನೆ, ಎಷ್ಟೋ ಬಿಳಿ ಪೆಂಡಾಲುಗಳ ಮುಂದಿನಿಂದಲೇ ಆಫೀಸಿಗೆ ಓಡಿದ್ದೇನೆ. ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಮೇಷ್ಟರು ಹೂವು ಹಿಡಿದುಕೊಂಡೇ ಮೆಟ್ಟಿಲ ಕಡೆ ತಿರುಗಿದರು. ಅತ್ಯಾಳ ಬಂಗಾಲಿ ಅಷ್ಟಕ್ಕೇ ಮುಗಿಯಿತೋ, ಅಥವಾ ಮುಗಿಸಿದಳೋ, ಕನ್ನಡಕ್ಕೆ ಬಂದಳು.

"ಹೂವು ವಾಪಸ್ ಒಯ್ಯಬ್ಯಾಡ್ರಿ ಅನ್ನವಾ. ನೀರಾಗ ಇಟ್ರ ನಾಕು ದಿನ ಬಾಳ್ತಾವ. ಮತ್ತ ಅವರು ನನ್ನ ಬಗ್ಗೆ ಏನ ಮಾತಾಡ್ಕೊಂಡು ಬಂದ್ರು, ಕೇಳು. ನಾ ಖರೇನ ಹೋದ ಮ್ಯಾಲೆ ನನಗ ಯಾರು ಹೇಳ್ತಾರ?"

ನಾನು ನಾಚುತ್ತ ಅನುವಾದಿಸಿದೆ. ಲಿಫ್ಟಿನ ಹೆಂಗಸು ನಮ್ಮ ಮನೆಗೆ ಬರುವಾಗ ಮೆಟ್ಟಿಲಲ್ಲಿ ತಾವಿಬ್ಬರೂ ಹೇಳಿಕೊಂಡದ್ದನ್ನು ಒಪ್ಪಿಸಿದರು: ಒಳ್ಳೆಯ ಜೀವ, ಯಾರಿಗೂ ತೊಂದರೆ ಕೊಟ್ಟವರಲ್ಲ.

"ಭೇಟಿನ ಆಗಿಲ್ಲ, ಇದೆಲ್ಲಾ ಹೆಂಗ ಗೊತ್ತಾತು?" ಎಂದಳು ಅತ್ಯಾ.

"ಹೋದವರೆಲ್ಲರ ಬಗ್ಗೆಯೂ ಅದನ್ನೇ ಹೇಳುತ್ತೇವೆ ಮಾಶಿಮಾ," ಎಂದರು ಮೇಷ್ಟರು.

ಅತ್ಯಾ ನಕ್ಕಳು. ಬಂದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು. ಕೆಳಗಿನಿಂದ ಚಹಾ ಬಂತು, ಡಬ್ಬಿ ತೆರೆಯಿತು. ಮಧ್ಯಾಹ್ನದೊಳಗೆ ಇನ್ನೂ ಐದಾರು ಜನ ಗಂಭೀರವಾಗಿ ಹತ್ತಿ ಬಂದರು, ನಗುತ್ತ ಕೂತರು. ಹತ್ತೂ ಕುರ್ಚಿ ತುಂಬಿದವು. ಮಗಳು ಮೆಟ್ಟಿಲ ಬಾಯಲ್ಲಿ ನಿಂತು ಬಂದವರಿಗೆಲ್ಲ ಮೂರು ಭಾಷೆಯಲ್ಲಿ "ಅಜ್ಜಿ ಇದ್ದಾಳೆ" ಎಂದು ಸಾರುತ್ತಿದ್ದಳು.

ಡೆಕೊರೇಟರ್ ಬಂದು, ಅತ್ಯಾಳನ್ನು ನೋಡಿ, ತುಸು ನೊಂದವನಂತೆ ಬಿಳಿ ಬಟ್ಟೆ ಬಿಚ್ಚಿ ಪಟ್ಟೆಯದನ್ನು ಕಟ್ಟಿಕೊಟ್ಟ. ಮರುವಾರ ಮೆಟ್ರೊದಲ್ಲಿ ಸಿಕ್ಕ ಓಣಿಯವರೊಬ್ಬರು ನಿಮ್ಮ ತಾರಸಿಯಲ್ಲಿ ಮದುವೆ ಯಾರದು ಎಂದು ಕೇಳಿದರು. ಆದರೆ ಜನ ಬರುವುದು ನಿಲ್ಲಲಿಲ್ಲ. ಹನ್ನೊಂದರ ಬಿಸಿಲಿಗೆ ಲಿಫ್ಟಿನ ಹೆಂಗಸು ಹೆಣಿಗೆ ಹಿಡಿದು, ಮೇಷ್ಟರು ಪೇಪರು ಹಿಡಿದು ಹಾಜರು. ಅತ್ಯಾ ನಮ್ಮ ಕಡೆಯ ಸಾಮಾನು ಸಿಗುವ ಲೇಕ್ ಮಾರ್ಕೆಟ್ಟಿನಿಂದ ಹುರಿಗಡಲೆ ತರಿಸಿ ಚುರುಮುರಿಗೆ ಹಚ್ಚಿ ಹಂಚುತ್ತಿದ್ದಳು. ಸಂಕ್ರಾಂತಿಯ ಹಿಂದಿನ ದಿನ ಪುಣೆಗೆ ಫೋನ್ ಮಾಡಿದಳು.

"ಈಗ ಬರೂದಿಲ್ಲಪಾ," ಎಂದಳು ಮಗನಿಗೆ. "ಇಲ್ಲೆ ನನ್ನ ಮಂದಿ ಕಾಯ್ತಿರ್ತಾರ."

ಆ ಸಂಜೆ ಬಿಸಿಲು ಇಳಿದ ಮೇಲೆ ಅವಳ ಕಾಲಿನ ಮೇಲಿನ ರಜಾಯಿ ಮಡಚುತ್ತ ಕೇಳಿದೆ. ಆಮೇಲೂ ಕೇಳಿದ್ದೇನೆ, ಹೋದ ಚಳಿಗಾಲದಲ್ಲೂ ಕೇಳಿದೆ. ಪ್ರತಿ ಸಲವೂ ಅವಳಿಗೆ ಇಟ್ಟಂಗಿ ಆರಿರುತ್ತದೆ, ಇಲ್ಲವೇ ಚಹಾ ಬೇಕಾಗಿರುತ್ತದೆ.

"ಅತ್ಯಾ, ನಾಕು ವರ್ಷ ಈ ಊರಾಗ ಇದ್ದಾಕಿ ನೀ. ಬಿಳೀ ಬಟ್ಟಿ ಆರಿಸೂ ಮುಂದ ಅದು ಯಾತಕ್ಕ ಅಂತ ನಿನಗ ಗೊತ್ತಿತ್ತೋ ಇಲ್ಲೊ?"