ವೈನಿಯ ಸೈಕಲ್ಲಿನ ಬಿರುಕು

ಪಂಚಮಿಗೆ ತವರಿಗೆ ಹೋದಾಗ ಮಣ್ಣೂರ ಬಸ್‌ಸ್ಟ್ಯಾಂಡಿಗೆ ನನ್ನನ್ನು ಕರೆಯಲು ಬಂದವಳು ವೈನಿ, ನನ್ನ ಅಣ್ಣನ ಹೆಂಡತಿ. ಸೈಕಲ್ ತಂದಿದ್ದಳು. ಅವಳ ಮಗಳಿಗೆ ಸಾಲಿಯಲ್ಲಿ ಕೊಟ್ಟಿದ್ದ ನೀಲಿ ಲೇಡೀಸ್ ಸೈಕಲ್ ಅದು. ಮಗಳು ಕಲಬುರಗಿಗೆ ಓದಲು ಹೋದಮೇಲೆ ಅಂಗಳದ ಮೂಲೆಯಲ್ಲಿ ನಿಂತೇ ಇತ್ತು. ವೈನಿ ಅದನ್ನು ಒರೆಸಿ, ಬಿದ್ದು ಎದ್ದು, ತನ್ನಷ್ಟಕ್ಕೆ ತಾನೇ ಕಲಿತಳು. ಅವಳು ಸೀರೆಗೆ ಜಂಪರ್ ಹೊಲಿಯುತ್ತಾಳೆ. ಮೊದಲೆಲ್ಲ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ಅಕ್ಕಪಕ್ಕದ ಹಳ್ಳಿಗಳಿಗೆ ನಡೆಯುತ್ತಿದ್ದವಳು ಈಗ ಗಂಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಡುತ್ತಿದ್ದಳು.

“ಕೂಡು, ಬೀಳಸಂಗಿಲ್ಲ ನಿನ್ನ,” ಎಂದಳು. ಗಂಟಿನ ಜಾಗದಲ್ಲಿ ಕೂತೆ. ಎಮ್ಮೆಗಳು, ಟ್ರ್ಯಾಕ್ಟರು, ಕಟ್ಟೆಯ ಮೇಲೆ ಕೂತ ಗಂಡಸರು, ಎಲ್ಲವನ್ನೂ ದಾಟಿಕೊಂಡು ಬೆಲ್ ಬಾರಿಸುತ್ತ ಹೋದಳು. ಅಂದೋಲಾದ ನನ್ನ ಗಂಡನ ಮನೆಯಲ್ಲಿ ನನಗೆ ಯಾವುದಕ್ಕೂ ಕೊರತೆಯಿಲ್ಲ, ಆದರೆ ಕಿರಾಣಿ ಅಂಗಡಿಗೂ ಯಾರಾದರೂ ಜೊತೆಗೆ ಬೇಕು. ಹಿಂದಿನಿಂದ ವೈನಿಯ ಬೆನ್ನು ನೋಡುತ್ತ ನನಗೆ ಖುಷಿಯಾಯಿತು. ಹೊಟ್ಟೆಯೊಳಗೆ ಸಣ್ಣಗೆ ಉರಿಯೂ ಎದ್ದಿತು. ಎರಡೂ ನಿಜ.

ದಿಬ್ಬ ಏರುವಾಗ ಪ್ರತಿ ಪೆಡಲಿಗೂ ಕಿರ್ ಕಿರ್ ಎಂದು ಮುಂದಿನಿಂದ ಸಪ್ಪಳ ಬರುತ್ತಿತ್ತು. ಮನೆಗೆ ಬಂದು ಬಗ್ಗಿ ನೋಡಿದೆ. ಹ್ಯಾಂಡಲ್ ಕೆಳಗೆ ಪೈಪುಗಳು ಕೂಡುವ ಕಡೆ ಕೂದಲೆಳೆಯಂಥ ಗೆರೆ. ಅದರ ಗುಂಟ ಕೆಂಪಗೆ ತುಕ್ಕು ಜಿನುಗಿತ್ತು.

“ವೈನಿ, ಇಲ್ಲಿ ನೋಡ್ರಿ.”

“ಬಣ್ಣ ಒಡದದ ಬಿಡು. ಭಾಳ ದಿನದಿಂದ ಹಂಗ ಅದ.”

ಬಣ್ಣ ಒಡೆದಿದ್ದರೆ ತುಕ್ಕು ಹೀಗೆ ಒಂದೇ ಎಳೆಯಾಗಿ ಇಳಿಯುವುದಿಲ್ಲ ಎನ್ನಿಸಿತು. ಗಂಡನ ಮನೆಯಲ್ಲಿ ಟ್ರ್ಯಾಕ್ಟರಿನ ಟ್ರ್ಯಾಲಿಯ ಹುಕ್ಕು ಬಿರುಕು ಬಿಟ್ಟಿದೆಯೆಂಬ ಸಂಶಯ ಬಂದರೆ ಹೇಗೆ ನೋಡುತ್ತಾರೆಂಬುದು ನನಗೆ ಗೊತ್ತಿತ್ತು. ಬ್ಲೇಡಿನಿಂದ ಬಣ್ಣ ಕೆರೆದು ಕಬ್ಬಿಣ ತೋರುವಂತೆ ಮಾಡಿದೆ. ವೈನಿಯ ಹೊಲಿಗೆ ಮಷಿನ್ನಿನ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚಿಂದಿಯಿಂದ ಒಣಗುವವರೆಗೆ ಒರೆಸಿದೆ. ಮೇಲೆ ಅವಳು ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯನ್ನು ಪುಡಿ ಮಾಡಿ ಸವರಿದೆ. “ಈಗ ಸೀಟ್ ಮ್ಯಾಲೆ ಕೈಯೂರಿ ಜೋರ ಒತ್ತರಿ,” ಎಂದೆ. ಅವಳು ನಗುತ್ತಲೇ ಒತ್ತಿದಳು. ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಬಿಳಿ ಪುಡಿಯ ಮೇಲೆ ಕಪ್ಪಗೆ ಹೊರಬಂತು. ಗೆರೆ ನಾವು ಕಂಡಷ್ಟಕ್ಕೇ ನಿಂತಿರಲಿಲ್ಲ. ಪೈಪಿನ ತಳಕ್ಕೆ ಹೊರಳಿ ಆ ಕಡೆಯವರೆಗೂ ಹೋಗಿತ್ತು.

ವೈನಿಯ ನಗು ನಿಂತಿತು. “ಬೆಸಗಿ ಹಾಕ್ಸಿದ್ರ?”

“ಪೈಪು ತೆಳ್ಳಗದ. ಬೆಸಗಿ ಹಾಕಿದ ಬಾಜೂಕ ಮತ್ತ ಒಡೀತದ. ಇಳಕಲಿನ್ಯಾಗ ಮುರಿತಂದ್ರ ಮಾರಿ ಮ್ಯಾಲೆ ಬೀಳ್ತೀರಿ. ಇದರ ಮ್ಯಾಲೆ ಕೂಡಬ್ಯಾಡ್ರಿ ವೈನಿ, ಇನ್ನ ಇದು ಮುಗೀತು.”

ಇಷ್ಟನ್ನೂ ನಾನು ಮೆಲ್ಲಗೆ ಹೇಳಬಹುದಿತ್ತು. ಪಡಸಾಲೆಯಲ್ಲಿ ಅಣ್ಣ ಚಹಾ ಕುಡಿಯುತ್ತ ಕೂತಿದ್ದು ನನಗೆ ಕಾಣುತ್ತಿತ್ತು. ಅವನಿಗೆ ಈ ಸೈಕಲ್ ಮೊದಲಿನಿಂದಲೂ ಸೇರುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಹೆಂಡತಿ ಸೈಕಲ್ ಹೊಡೆಯುತ್ತಾಳೆಂದು ಹೋಟೆಲಿನಲ್ಲಿ ಗೆಳೆಯರು ಅವನ ಕಾಲೆಳೆಯುತ್ತಿದ್ದರಂತೆ. ಆದರೂ ನನ್ನ ದನಿ ಏರಿತ್ತು. ಅದರಲ್ಲಿ ಕಾಳಜಿ ಎಷ್ಟಿತ್ತು, ಕ್ಯಾರಿಯರ್ ಮೇಲೆ ಕೂತಾಗಿನ ಆ ಉರಿ ಎಷ್ಟಿತ್ತು, ಇವತ್ತಿಗೂ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಅಣ್ಣ ಎದ್ದು ಬಂದ. “ಕೇಳಿದಿಲ್ಲ? ನನ್ನ ತಂಗೀನ ಹೇಳಾಕತ್ಯಾಳ. ಮುಗೀತು ಸೈಕಲ್ಲಿನ ಹುಚ್ಚು,” ಎಂದು ಅದನ್ನು ಎತ್ತಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಮೇವಿನ ಹಿಂದೆ ಒಗೆದ. ನಾನು ಸೈಕಲ್ ಮುಗೀತು ಎಂದಿದ್ದೆ. ಅವನು ಕೇಳಿಸಿಕೊಂಡಿದ್ದು ಬೇರೆ. ತಿದ್ದಲು ಬಾಯಿ ತೆರೆದೆ, ಹಬ್ಬದ ದಿನ ಜಗಳ ಬೇಡವೆಂದು ಮುಚ್ಚಿದೆ. ವೈನಿ ಸುಣ್ಣದ ಪುಡಿ ಗುಡಿಸಿ ಒಳಗೆ ಹೋದಳು. ಊಟಕ್ಕೆ ನನಗೆ ಎರಡನೇ ಸಲ ಹೋಳಿಗೆ ಬಡಿಸುವಾಗಲೂ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದೋಲಾಕ್ಕೆ ಮರಳಿದ ಮೇಲೆ ಫೋನ್ ಮಾಡಿದಾಗಲೆಲ್ಲ ಅವಳು ಮನೆಯಲ್ಲೇ ಇರುತ್ತಿದ್ದಳು. ದೂರದ ಹಳ್ಳಿಯ ಹೊಲಿಗೆ ಬಿಟ್ಟೆ ಎಂದಳು. ಮೊಣಕಾಲು ನೋಯುತ್ತವೆ, ನಡೆಯುವುದಾಗುವುದಿಲ್ಲವಂತೆ. ಬೇರೆ ಸೈಕಲ್ ತರುವ ಮಾತು ತೆಗೆದರೆ ಅಣ್ಣ ಪ್ರತಿ ಸಲ ನನ್ನ ಹೆಸರನ್ನೇ ಮುಂದಿಡುತ್ತಿದ್ದನಂತೆ. “ಆಕಿ ತಿಳದಾಕಿ, ಆಕೀನ ಬ್ಯಾಡ ಅಂದಾಳ” ಎಂದು. ಮಾತು ನನ್ನದೇ, ಅವಳನ್ನು ಮನೆಯಲ್ಲಿ ಕೂಡಿಹಾಕಲು ಅದನ್ನು ಬೀಗವಾಗಿ ಅವನ ಕೈಗೆ ಕೊಟ್ಟವಳೂ ನಾನೇ.

ಒಂದು ದಿನ ತಡೆಯಲಾಗದೆ ಅವನಿಗೇ ಫೋನ್ ಹಚ್ಚಿದೆ. “ಅಣ್ಣಾ, ನಾ ಫ್ರೇಮ್ ಕೆಟ್ಟದ ಅಂದೀನಿ. ವೈನಿ ಸೈಕಲ್ ಹೊಡೀಬಾರದು ಅಂದಿಲ್ಲ.”

“ಎಲ್ಲಾ ಒಂದ ಆತಲ್ಲ,” ಎಂದು ಇಟ್ಟುಬಿಟ್ಟ.

ಆಮೇಲೆ ವೈನಿಗೆ ಹೇಳಿದೆ. “ಫ್ರೇಮ್ ಬದಲಿಸಿದ್ರ ಆತು. ಗಾಲಿ, ಚೈನು, ಸೀಟು ಎಲ್ಲಾ ಛಲೋ ಅವ. ಅಫಜಲಪುರಕ್ಕ ತರ್ರಿ, ನಾನೂ ಬರ್ತೇನಿ.” ಅವಳು ದನಿ ತಗ್ಗಿಸಿದಳು. “ಅವರು ಹೊಲಕ್ಕ ಹೋದಾಗ ತರ್ತೇನಿ,” ಎಂದಳು.

ನಾನು ಮನೆಯಲ್ಲಿ ಗೆಳತಿಯ ಮಗುವಿನ ತೊಟ್ಟಿಲ ಕಾರ್ಯ ಎಂದು ಸುಳ್ಳು ಹೇಳಿ ಹೊರಟೆ. ಅವಳು ಟಂಟಂ ಆಟೋದ ಮೇಲೆ ಸೈಕಲ್ ಕಟ್ಟಿಸಿಕೊಂಡು ಬಂದಳು. ಸೈಕಲ್ ಅಂಗಡಿಯವನು ಒಂದು ಹಸಿರು ಫ್ರೇಮ್ ತೋರಿಸಿದ. ವೈನಿ ಅದನ್ನು ಬಿಸಿಲಿಗೆ ಹಿಡಿದು ಪ್ರತಿಯೊಂದು ಸಂದಿಗೂ ಬೆರಳಾಡಿಸಿದಳು. ಸಾಲದೆ ಕೈಚೀಲದಿಂದ ಎಣ್ಣೆ ಬಾಟಲಿ, ಸುಣ್ಣದ ಬಿಲ್ಲೆ ತೆಗೆದಳು. ಅಂಗಡಿಯವನು ನಕ್ಕ, ಅವಳು ನಗಲಿಲ್ಲ. ಎಲ್ಲೂ ಕಪ್ಪು ಮೂಡಲಿಲ್ಲ. ಹಳೆಯ ಫ್ರೇಮಿನಿಂದ ಒಂದೊಂದೇ ಬಿಚ್ಚಿ ಹೊಸದಕ್ಕೆ ಜೋಡಿಸುವವರೆಗೂ ನಾವಿಬ್ಬರೂ ಅಲ್ಲೇ ಕೂತೆವು. ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ಅಂಗಡಿಯವನು ಸುಮ್ಮನೆ ಕಾಲಿಟ್ಟು ತುಳಿದ. ಕಡ್ಡಿಯಂತೆ ಮುರಿಯಿತು.

“ನಿಂದು ಖರೆ ಇತ್ತು,” ಎಂದಳು ವೈನಿ.

“ಖರೆ ಇತ್ರೀ. ಹೇಳಿದ ರೀತಿ ತಪ್ಪಿತ್ತು.”

ಅವಳು ಸೀಟಿನ ಧೂಳು ಸೆರಗಿನಿಂದ ಒರೆಸಿದಳು.

ಹಸಿರು ಸೈಕಲ್ ನೋಡಿ ಅಣ್ಣ ಕೂಗಾಡಲಿಲ್ಲವಂತೆ. ಸಂಜೆ ನನಗೆ ಫೋನ್ ಮಾಡಿದ.

“ಅದರಾಗ ಏನೂ ಕ್ರ್ಯಾಕ್ ಇಲ್ಲಲ್ಲ?”

“ಇಲ್ಲಣ್ಣ. ನೋಡೇ ತಂದೀವಿ.”

“ನಾ ಬೀಳ್ತಾಳಂತ ಅಂಜಿದ್ದೂ ಖರೆ ಇತ್ತು. ನನಗೊಂದ್ ಮಾತ್ ಹೇಳಬೇಕಿತ್ತು ನೀವು.”

ಅವನ ಅಂಜಿಕೆಯನ್ನು ನಾನು ಎಂದೂ ಲೆಕ್ಕಕ್ಕೇ ಹಿಡಿದಿರಲಿಲ್ಲ. “ಚಹಾ ಆತೇನಣ್ಣ?” ಎಂದು ಕೇಳಿದೆ. ಆತು ಎಂದ. ವೈನಿ ಈಗ ದೂರದ ಹಳ್ಳಿಗೂ ಹೋಗುತ್ತಾಳೆ. ಅಣ್ಣ ನನ್ನ ಜೊತೆ ಮಾತಾಡುತ್ತಾನೆ, ಆದರೆ ಯಾವುದರ ಬಗ್ಗೆಯೂ ನನ್ನ ಅಭಿಪ್ರಾಯ ಕೇಳುವುದನ್ನು ಬಿಟ್ಟಿದ್ದಾನೆ.